ಮರುಭೂಮಿಯ ಲಾವಾ ಸುರಂಗಗಳು: ಮಕ್ಕಳೊಡನೆ ಇಳಿಯುವ ಮುನ್ನ

ಮೇಲೆ ನೆತ್ತಿ ಸುಡುವ ಬಿಸಿಲು, ಸುತ್ತ ಕಣ್ಣು ಹಾಯುವವರೆಗೂ ಕರಿಬಂಡೆಗಳ ಹಾಸು. ಅದೇ ನೆಲದಲ್ಲಿ ಬಾಯ್ದೆರೆದ ಒಂದು ಕಂಡಿಯ ಮೂಲಕ ಹತ್ತು ಹೆಜ್ಜೆ ಕೆಳಗಿಳಿದರೆ ತಣ್ಣನೆಯ ಗಾಳಿ, ಗಾಢವಾದ ಕತ್ತಲೆ. ಅಮೆರಿಕದ ಪಶ್ಚಿಮ ಭಾಗದ ಮರುಭೂಮಿಗಳಲ್ಲಿ ಇಂತಹ ಅನುಭವ ನೀಡುವ ಲಾವಾ ಸುರಂಗಗಳು ಕುಟುಂಬ ಸಮೇತ ಪ್ರವಾಸ ಹೊರಡುವವರಿಗೆ ಅಚ್ಚುಮೆಚ್ಚಿನ ತಾಣಗಳಾಗಿವೆ. ಪರ್ವತಾರೋಹಣದ ತರಬೇತಿ ಬೇಕಿಲ್ಲ, ಹಗ್ಗದ ಹಂಗಿಲ್ಲ, ನಡೆಯಬೇಕಾದ ದೂರವೂ ಹೆಚ್ಚಿಲ್ಲ. ಪ್ರಾಥಮಿಕ ಶಾಲೆಯ ಮಕ್ಕಳೂ ಹೋಗಿಬರಬಹುದಾದ ನಡಿಗೆ ಇದು.

ಸುಲಭವೆಂಬ ಈ ಕಾರಣಕ್ಕೇ ಜನ ಇದನ್ನು ಹಗುರವಾಗಿ ಭಾವಿಸುವುದೂ ಉಂಟು. ಚಪ್ಪಲಿ ಮೆಟ್ಟಿಕೊಂಡು, ಒಂದು ಬಾಟಲಿ ನೀರು ಹಿಡಿದು, ಮೊಬೈಲ್ ಫೋನಿನ ಬೆಳಕನ್ನೇ ನಂಬಿ ಹೊರಟವರಿಗೆ ಈ ಕಿರುನಡಿಗೆಯೇ ಕಷ್ಟಕ್ಕೆ ದಾರಿಯಾಗಬಲ್ಲದು. ಸುರಂಗ ಹೇಗೆ ಹುಟ್ಟಿತೆಂಬುದನ್ನು ಅರಿತವರಿಗೆ ಅಲ್ಲಿನ ಅಪಾಯಗಳೂ ತಾವಾಗಿಯೇ ಅರ್ಥವಾಗುತ್ತವೆ. ಅಲ್ಲಿ ಪಾಲಿಸಬೇಕಾದ ನಿಯಮಗಳಲ್ಲಿ ಹೆಚ್ಚಿನವು ಆ ಹುಟ್ಟಿನ ಕಥೆಯಿಂದಲೇ ಬಂದಂಥವು.

ಸುರಂಗ ಹುಟ್ಟುವ ಬಗೆ

ಸಾಮಾನ್ಯವಾಗಿ ಗುಹೆ ಎಂದೊಡನೆ ನೆನಪಾಗುವುದು ಸುಣ್ಣಕಲ್ಲಿನ ಗುಹೆ. ಆಂಧ್ರಪ್ರದೇಶದ ಬೇಲಂ ಗುಹೆಗಳು ಇದಕ್ಕೆ ನಿದರ್ಶನ. ಅಲ್ಲಿ ಮೊದಲು ಕಲ್ಲು, ಆಮೇಲೆ ಗುಹೆ. ನೀರು ಲಕ್ಷಾಂತರ ವರ್ಷಗಳ ಕಾಲ ಸುಣ್ಣಕಲ್ಲನ್ನು ಕರಗಿಸಿ ಪೊಳ್ಳು ಮಾಡುತ್ತದೆ. ಲಾವಾ ಸುರಂಗದ ರೀತಿ ಬೇರೆ. ಇಲ್ಲಿ ಕಲ್ಲು ಮತ್ತು ಗುಹೆ ಒಟ್ಟೊಟ್ಟಿಗೆ, ಕೆಲವೇ ದಿನ, ವಾರ ಅಥವಾ ತಿಂಗಳುಗಳಲ್ಲಿ ರೂಪುಗೊಳ್ಳುತ್ತವೆ.

ಜ್ವಾಲಾಮುಖಿಯಿಂದ ಹೊರಬೀಳುವ ಬಸಾಲ್ಟ್ ಲಾವಾರಸದ ಉಷ್ಣತೆ ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್. ಈ ಬಗೆಯ ಲಾವಾರಸ ತೆಳುವಾಗಿದ್ದು, ಇಳಿಜಾರಿನಲ್ಲಿ ತೊರೆಯಂತೆ ಹರಿಯುತ್ತದೆ. ಗಾಳಿಗೆ ಒಡ್ಡಿಕೊಂಡ ಮೇಲ್ಭಾಗ ಬೇಗನೆ ತಣ್ಣಗಾಗಿ, ಕಾಯಿಸಿದ ಹಾಲಿನ ಮೇಲೆ ಕೆನೆಗಟ್ಟುವಂತೆ ಗಟ್ಟಿ ಪದರವಾಗುತ್ತದೆ. ಅಂಚುಗಳೂ ಹೆಪ್ಪುಗಟ್ಟುತ್ತವೆ. ಹೀಗೆ ಮುಚ್ಚಿಕೊಂಡ ಕೊಳವೆಯೊಳಗೆ ಲಾವಾರಸ ತನ್ನ ಶಾಖವನ್ನು ಕಾಯ್ದುಕೊಂಡು ಹರಿಯುತ್ತಲೇ ಇರುತ್ತದೆ. ಕಿಲೋಮೀಟರುಗಟ್ಟಲೆ ಸಾಗಿದರೂ ಅದರ ಉಷ್ಣತೆ ಇಳಿಯುವುದು ಕೆಲವೇ ಡಿಗ್ರಿಗಳಷ್ಟು. ಕೊನೆಗೆ ಮೂಲದಲ್ಲಿ ಉಕ್ಕುವುದು ನಿಂತಾಗ ಒಳಗಿನ ದ್ರವವೆಲ್ಲ ಕೆಳಗೆ ಹರಿದುಹೋಗಿ, ಖಾಲಿ ಕೊಳವೆ ಉಳಿದುಬಿಡುತ್ತದೆ. ಅದೇ ಲಾವಾ ಸುರಂಗ.

ಗೋಡೆಯ ಮೇಲೆ ಉದ್ದುದ್ದ ಗೆರೆಗಳು ಕಂಡರೆ ಅವು ಲಾವಾರಸದ ಮಟ್ಟ ಹಂತಹಂತವಾಗಿ ಇಳಿದುದರ ಗುರುತುಗಳು. ಚಾವಣಿಯಿಂದ ಜೋತುಬಿದ್ದ ಗಿಡ್ಡ ಹನಿಗಳು ಕರಗಿದ ಕಲ್ಲು ತೊಟ್ಟಿಕ್ಕುತ್ತಿದ್ದಾಗಲೇ ಹೆಪ್ಪುಗಟ್ಟಿದಂಥವು. ಚಾವಣಿ ತೆಳುವಾಗಿದ್ದಲ್ಲಿ ಕುಸಿದು ಉಂಟಾದ ಕಿಂಡಿಗಳೇ ಇಂದು ಒಳಗಿಳಿಯುವ ದಾರಿಗಳಾಗಿವೆ. ಎಂದರೆ, ಪ್ರವಾಸಿಗರು ಪ್ರವೇಶಿಸುವುದು ಒಮ್ಮೆ ಕುಸಿದ ಜಾಗದ ಮೂಲಕವೇ ಎಂಬುದನ್ನು ಮರೆಯುವಂತಿಲ್ಲ.

ಜಗತ್ತಿನಲ್ಲಿ ಇದುವರೆಗೆ ಅಳೆದಿರುವ ಅತ್ಯಂತ ಉದ್ದದ ಲಾವಾ ಸುರಂಗ ಹವಾಯಿ ದ್ವೀಪದ ಕಜುಮುರಾ. ಅದರ ಉದ್ದ 65 ಕಿ.ಮೀ.ಗೂ ಹೆಚ್ಚು. ದಕ್ಷಿಣ ಕೊರಿಯಾದ ಜೇಜು ದ್ವೀಪದ ಜ್ವಾಲಾಮುಖಿ ಮತ್ತು ಲಾವಾ ಸುರಂಗಗಳು 2007ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಆದರೆ ಇವೆರಡೂ ಮಳೆ ಬೀಳುವ ಹಸಿರು ದ್ವೀಪಗಳು. ಮರುಭೂಮಿಯ ನಡಿಗೆಯೊಡನೆ ಸುರಂಗವನ್ನೂ ಕಾಣಬೇಕೆಂದರೆ ಅಮೆರಿಕದ ಯೂಟಾ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳ ಮೂರು ತಾಣಗಳು ಹೆಚ್ಚು ಅನುಕೂಲಕರವಾಗಿವೆ.

ಸ್ನೋ ಕ್ಯಾನ್ಯನ್: ಹೆಸರಿನಲ್ಲಿ ಮಾತ್ರ ಹಿಮ

ಯೂಟಾ ರಾಜ್ಯದ ನೈಋತ್ಯ ಮೂಲೆಯಲ್ಲಿ, ಸೇಂಟ್ ಜಾರ್ಜ್ ನಗರದ ಸಮೀಪ ಸ್ನೋ ಕ್ಯಾನ್ಯನ್ ರಾಜ್ಯ ಉದ್ಯಾನವಿದೆ. ಲಾಸ್ ವೇಗಸ್‌ನಿಂದ ಹೆದ್ದಾರಿಯಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣ. ಹೆಸರಿನಲ್ಲಿರುವ ಸ್ನೋ ಎಂಬುದಕ್ಕೂ ಹಿಮಕ್ಕೂ ಸಂಬಂಧವಿಲ್ಲ. 19ನೇ ಶತಮಾನದ ಮಾರ್ಮನ್ ಮುಖಂಡರಾದ ಲೊರೆಂಜೊ ಸ್ನೋ ಹಾಗೂ ಇರಾಸ್ಟಸ್ ಸ್ನೋ ಅವರ ಕುಲನಾಮವೇ ಕಣಿವೆಯ ಹೆಸರಾಯಿತು. ಬೇಸಿಗೆಯಲ್ಲಿ ಇಲ್ಲಿ ತಾಪಮಾನ 38 ಡಿಗ್ರಿಯನ್ನು ದಾಟುವುದು ಸಾಮಾನ್ಯ.

ಈ ತಾಣದ ಸೊಬಗಿರುವುದು ಎರಡು ಬಣ್ಣಗಳ ಸಂಗಮದಲ್ಲಿ. ಬಾದಾಮಿಯ ಬೆಟ್ಟಗಳನ್ನು ಕಂಡವರಿಗೆ ಇಲ್ಲಿನ ಕೆಂಪು ಮರಳುಗಲ್ಲಿನ ಗೋಡೆಗಳು ಪರಿಚಿತವೆನಿಸಬಹುದು. ಸುಮಾರು 18 ಕೋಟಿ ವರ್ಷಗಳ ಹಿಂದಿನ ಮಹಾಮರುಭೂಮಿಯ ಮರಳದಿಣ್ಣೆಗಳು ಗಟ್ಟಿಯಾಗಿ ಈ ಶಿಲೆಯಾಗಿವೆ. ಅದರ ಮೇಲೆ ಕಡುಗಪ್ಪು ಬಸಾಲ್ಟ್ ಹರಿದು ಹೆಪ್ಪುಗಟ್ಟಿದೆ. ಇಲ್ಲಿ ಲಾವಾ ಉಕ್ಕುವಿಕೆ ಸುಮಾರು 14 ಲಕ್ಷ ವರ್ಷಗಳ ಹಿಂದೆ ಆರಂಭವಾಗಿ, ಇತ್ತೀಚಿನದು ಸುಮಾರು 27 ಸಾವಿರ ವರ್ಷಗಳ ಹಿಂದೆ ಸಂಭವಿಸಿತೆಂದು ಅಂದಾಜಿಸಲಾಗಿದೆ.

ಉದ್ಯಾನದೊಳಗಿನ ಲಾವಾ ಫ್ಲೋ ಎಂಬ ಕಾಲುದಾರಿ ಹೋಗಿಬರಲು ಒಟ್ಟು ಸುಮಾರು 4 ಕಿ.ಮೀ. ಏರುತಗ್ಗು ಹೆಚ್ಚಿಲ್ಲದಿದ್ದರೂ ನೆಲ ಒರಟು. ದಾರಿಯ ಪಕ್ಕದಲ್ಲೇ ಸುರಂಗದ ಬಾಯಿಗಳು ಕಾಣಸಿಗುತ್ತವೆ. ಉರುಳಿಬಿದ್ದ ಬಂಡೆಗಳ ನಡುವೆ ಕೈಯೂರಿ ಇಳಿಯಬೇಕಾದ್ದರಿಂದ, ತೀರ ಚಿಕ್ಕ ಮಕ್ಕಳು ಹಾಗೂ ಮಂಡಿನೋವಿರುವ ಹಿರಿಯರು ಮೇಲಿನಿಂದಲೇ ನೋಡಿ ತೃಪ್ತರಾಗುವುದು ಲೇಸು. ಒಳಗಿಳಿಯದಿದ್ದರೂ ಕೆಂಪು ಬೆಟ್ಟಗಳ ನಡುವಣ ಕಪ್ಪು ಹಾಸಿನ ಮೇಲಿನ ಈ ನಡಿಗೆ ವ್ಯರ್ಥವೆನಿಸುವುದಿಲ್ಲ.

ಮೊಹಾವಿ: ಬೆಳಕಿನ ಕಂಬಗಳ ಗುಹೆ

ಎರಡನೆಯದು ಕ್ಯಾಲಿಫೋರ್ನಿಯಾದ ಮೊಹಾವಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶ. 1994ರಲ್ಲಿ ಅಮೆರಿಕ ಸಂಸತ್ತು ಅಂಗೀಕರಿಸಿದ ಕ್ಯಾಲಿಫೋರ್ನಿಯಾ ಮರುಭೂಮಿ ಸಂರಕ್ಷಣಾ ಕಾಯ್ದೆಯ ಫಲವಾಗಿ ಇದು ಸ್ಥಾಪನೆಯಾಯಿತು. ಇದರೊಳಗಿನ ಬೂದಿಗುಡ್ಡಗಳ ಸಾಲನ್ನು, ಎಂದರೆ ಜ್ವಾಲಾಮುಖಿಯ ಕಿಟ್ಟ ರಾಶಿಬಿದ್ದು ಶಂಕುವಿನಾಕಾರ ತಳೆದ ದಿಬ್ಬಗಳನ್ನು, 1973ರಲ್ಲೇ ರಾಷ್ಟ್ರೀಯ ನೈಸರ್ಗಿಕ ಸ್ಮಾರಕವೆಂದು ಗುರುತಿಸಲಾಗಿತ್ತು. ಅಂತಹ ಮೂವತ್ತಕ್ಕೂ ಹೆಚ್ಚು ದಿಬ್ಬಗಳು ಇಲ್ಲಿವೆ.

ಲಾಸ್ ಏಂಜಲಿಸ್ ಮತ್ತು ಲಾಸ್ ವೇಗಸ್ ನಡುವಣ ಹೆದ್ದಾರಿಯಲ್ಲಿರುವ ಬೇಕರ್ ಎಂಬ ಸಣ್ಣ ಊರಿನಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ಸಾಗಿ, ಬಳಿಕ ಸುಮಾರು 8 ಕಿ.ಮೀ. ಕಚ್ಚಾ ರಸ್ತೆಯಲ್ಲಿ ಹೋಗಬೇಕು. ಬೇಕರ್‌ನಲ್ಲಿ 134 ಅಡಿ ಎತ್ತರದ ಬೃಹತ್ ಉಷ್ಣಮಾಪಕವೊಂದಿದೆ. 1913ರ ಜುಲೈ 10ರಂದು ಸಮೀಪದ ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 56.7 ಡಿಗ್ರಿ ಸೆಲ್ಸಿಯಸ್ ತಾಪಮಾನದ ನೆನಪಿಗಾಗಿ ನಿಲ್ಲಿಸಿದ್ದು ಅದು. ಮುಂದಿನ ದಾರಿ ಎಂತಹ ನಾಡಿನದೆಂಬುದಕ್ಕೆ ಆ ಕಂಬವೇ ಸಾಕ್ಷಿ.

ವಾಹನ ನಿಲ್ಲಿಸಿದ ಸ್ಥಳದಿಂದ ಸುರಂಗಕ್ಕೆ ಅಲ್ಪ ದೂರದ ನಡಿಗೆ. ಲೋಹದ ಏಣಿಮೆಟ್ಟಿಲುಗಳನ್ನಿಳಿದು, ತಗ್ಗಾದ ಜಾಗದಲ್ಲಿ ಬಗ್ಗಿಕೊಂಡು ಮುಂದೆ ಸರಿದರೆ ವಿಶಾಲವಾದ ಕೋಣೆ ತೆರೆದುಕೊಳ್ಳುತ್ತದೆ. ಚಾವಣಿಯ ಕಿಂಡಿಗಳಿಂದ ಬಿಸಿಲು ನೇರವಾಗಿ ಇಳಿಬಿದ್ದು, ತೇಲುವ ಧೂಳಿನ ನಡುವೆ ಬೆಳಕಿನ ಕಂಬಗಳಾಗಿ ನಿಲ್ಲುತ್ತದೆ. ಸೂರ್ಯ ಮೇಲೇರಿರುವ ಹೊತ್ತಿನಲ್ಲಿ ಈ ದೃಶ್ಯ ಅತ್ಯಂತ ಸ್ಪಷ್ಟ. ಕಚ್ಚಾ ರಸ್ತೆ ಒರಟಾಗಿದ್ದು, ತಗ್ಗು ತಳದ ಕಾರುಗಳಿಗೆ ಯೋಗ್ಯವಲ್ಲ. ರಸ್ತೆಯ ಸ್ಥಿತಿಯನ್ನು ಅರಣ್ಯ ರಕ್ಷಕರಂತೆ ಕಾರ್ಯ ನಿರ್ವಹಿಸುವ ಉದ್ಯಾನದ ಸಿಬ್ಬಂದಿಯಿಂದ ಮೊದಲೇ ವಿಚಾರಿಸಿಕೊಳ್ಳುವುದು ಅವಶ್ಯ.

ಲಾವಾ ಬೆಡ್ಸ್: ಎಂಟು ನೂರು ಗುಹೆಗಳು

ಮೂರನೆಯ ತಾಣ ಕ್ಯಾಲಿಫೋರ್ನಿಯಾದ ಉತ್ತರ ತುದಿಯಲ್ಲಿ, ಓರೆಗಾನ್ ಗಡಿಗೆ ಹತ್ತಿರದಲ್ಲಿರುವ ಲಾವಾ ಬೆಡ್ಸ್ ರಾಷ್ಟ್ರೀಯ ಸ್ಮಾರಕ. ಇದು ಎತ್ತರದ ಒಣಬಯಲು. ಬೇಸಿಗೆ ದಕ್ಷಿಣದಷ್ಟು ಉಗ್ರವಲ್ಲ, ಚಳಿಗಾಲದಲ್ಲಿ ಹಿಮವೂ ಬೀಳುತ್ತದೆ. 1925ರಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಇಲ್ಲಿ 800ಕ್ಕೂ ಹೆಚ್ಚು ಗುಹೆಗಳನ್ನು ಗುರುತಿಸಲಾಗಿದ್ದು, ಅವುಗಳಲ್ಲಿ ಬಹುಪಾಲು ಲಾವಾ ಸುರಂಗಗಳು.

ಮೊದಲ ಬಾರಿಗೆ ಗುಹೆ ಹೊಗುವ ಮಕ್ಕಳಿಗೆ ಇಲ್ಲಿನ ಮಷ್‌ಪಾಟ್ ಗುಹೆಯೇ ಸೂಕ್ತ. ಸುಮಾರು 235 ಮೀಟರ್ ಉದ್ದದ ಈ ಗುಹೆಯಲ್ಲಿ ವಿದ್ಯುದ್ದೀಪ ಮತ್ತು ವಿವರಣಾ ಫಲಕಗಳಿವೆ. ಇತರ ಗುಹೆಗಳಲ್ಲಿ ದೀಪದ ವ್ಯವಸ್ಥೆಯಿಲ್ಲ. ಸ್ಕಲ್ ಎಂಬ ಗುಹೆಯ ತಳದಲ್ಲಿ ಮಂಜುಗಡ್ಡೆಯಿದೆ. ಚಳಿಗಾಲದಲ್ಲಿ ಭಾರವಾದ ತಣ್ಣನೆಯ ಗಾಳಿ ಕೆಳಗಿಳಿದು ಅಲ್ಲಿಯೇ ಸಿಕ್ಕಿಬೀಳುವುದು ಇದಕ್ಕೆ ಕಾರಣ. ನೀರಿಲ್ಲದ ನಾಡಿನಲ್ಲಿ ಇಂತಹ ಮಂಜುಗಡ್ಡೆ ಜನಕ್ಕೂ ಮೃಗಗಳಿಗೂ ಜೀವಜಲವಾಗಿತ್ತು.

ಈ ನೆಲಕ್ಕೆ ನೋವಿನ ಇತಿಹಾಸವೂ ಇದೆ. ಮೊಡಾಕ್ ಎಂಬ ಮೂಲನಿವಾಸಿ ಜನಾಂಗವನ್ನು ಸರ್ಕಾರ ಸ್ವಂತ ನೆಲದಿಂದ ಒಕ್ಕಲೆಬ್ಬಿಸಲು ಮುಂದಾದಾಗ, 1872-73ರಲ್ಲಿ ಯುದ್ಧ ನಡೆಯಿತು. ಕ್ಯಾಪ್ಟನ್ ಜ್ಯಾಕ್ ಎಂದು ಹೆಸರಾದ ಕಿಂಟ್‌ಪುವಾಶ್‌ನ ನೇತೃತ್ವದಲ್ಲಿ ಅರುವತ್ತಕ್ಕಿಂತ ಹೆಚ್ಚಿಲ್ಲದ ಯೋಧರು ಲಾವಾದ ಕಂದಕ, ಪೊಟರೆಗಳನ್ನೇ ಕೋಟೆಯಾಗಿಸಿಕೊಂಡು ತಮಗಿಂತ ಹಲವು ಪಟ್ಟು ದೊಡ್ಡದಾದ ಸೇನೆಯನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದರು. ಕೊನೆಗೆ ಸೋತು, 1873ರ ಅಕ್ಟೋಬರ್‌ನಲ್ಲಿ ಕಿಂಟ್‌ಪುವಾಶ್ ಮತ್ತು ಆತನ ಮೂವರು ಸಂಗಡಿಗರು ಗಲ್ಲಿಗೇರಿದರು. ಅವರು ನಿಂತು ಹೋರಾಡಿದ ಜಾಗಕ್ಕೆ ಇಂದು ಕಾಲುದಾರಿಯಿದೆ. ಮೊಡಾಕ್ ವಂಶಸ್ಥರಿಗೆ ಈ ಪ್ರದೇಶ ಇಂದಿಗೂ ಪವಿತ್ರ.

ಯಾವ ಕಾಲ ಸೂಕ್ತ?

ಕ್ಯಾಲಿಫೋರ್ನಿಯಾ ಮತ್ತಿತರ ಪಶ್ಚಿಮದ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಈ ಪ್ರಶ್ನೆ ಹೆಚ್ಚು ಮುಖ್ಯ. ಮಕ್ಕಳ ಶಾಲೆಗೆ ರಜೆ ದೊರೆಯುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಕರ್ನಾಟಕದಿಂದ ತಂದೆತಾಯಿಗಳು ಮಕ್ಕಳು, ಮೊಮ್ಮಕ್ಕಳನ್ನು ಕಾಣಲು ಹೋಗುವುದೂ ಬಹುಮಟ್ಟಿಗೆ ಅದೇ ದಿನಗಳಲ್ಲಿ. ಮರುಭೂಮಿ ಅತ್ಯಂತ ಅಪಾಯಕಾರಿಯಾಗಿರುವುದೂ ಆ ತಿಂಗಳುಗಳಲ್ಲಿಯೇ!

ಊರಿನಲ್ಲಿ ಬಿಸಿಲು ಕಂಡವರಿಗೆ ಇದೇನು ಮಹಾ ಎಂಬ ಭಾವನೆ ಹಿರಿಯರಲ್ಲಿ ಇರುವುದು ಸಹಜ. ಆದರೆ ಕರಾವಳಿಯ ಸೆಖೆಗೂ ಮರುಭೂಮಿಯ ಒಣ ಉರಿಗೂ ವ್ಯತ್ಯಾಸವಿದೆ. ಒಣಗಾಳಿಯಲ್ಲಿ ಬೆವರು ಹೊರಬಂದ ಕೂಡಲೇ ಆರಿಹೋಗುವುದರಿಂದ, ದೇಹ ನೀರು ಕಳೆದುಕೊಳ್ಳುತ್ತಿರುವುದು ಗಮನಕ್ಕೇ ಬರುವುದಿಲ್ಲ. ಕಪ್ಪು ಬಸಾಲ್ಟ್ ಬಿಸಿಲನ್ನು ಹೀರಿಕೊಂಡು ಮತ್ತೆ ಹೊರಸೂಸುವುದರಿಂದ ಲಾವಾ ಹಾಸಿನ ಮೇಲೆ ಕಾವು ಇನ್ನೂ ಹೆಚ್ಚು. ನೆರಳು ನೀಡುವ ಮರಗಳಿಲ್ಲ. ರಕ್ತದೊತ್ತಡಕ್ಕೆಂದು ನೀಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳನ್ನು ಸೇವಿಸುವವರು ಇನ್ನಷ್ಟು ಬೇಗ ಬಳಲುತ್ತಾರೆ.

ಆದ್ದರಿಂದ ಸ್ನೋ ಕ್ಯಾನ್ಯನ್ ಹಾಗೂ ಮೊಹಾವಿಗೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಅವಧಿಯೇ ಯೋಗ್ಯ. ಬೇಸಿಗೆಯಲ್ಲೇ ಹೋಗಬೇಕಾದಲ್ಲಿ ಉತ್ತರದ ಲಾವಾ ಬೆಡ್ಸ್ ಆರಿಸಿಕೊಳ್ಳುವುದು ವಿವೇಕ. ಅಲ್ಲಿಯೂ ಮೇಲ್ನೆಲದ ನಡಿಗೆಯನ್ನು ಬೆಳಗಿನ ತಂಪು ಹೊತ್ತಿನಲ್ಲೇ ಮುಗಿಸಬೇಕು. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು ವಾಹನದಲ್ಲಿರಬೇಕು. ಕೈಯಲ್ಲಿರುವ ನೀರು ಅರ್ಧ ಮುಗಿಯಿತೆಂದರೆ ಹಿಂದಿರುಗಬೇಕು. ತಲೆಸುತ್ತು, ವಾಕರಿಕೆ, ಮಾತಿನಲ್ಲಿ ಗೊಂದಲ ಕಂಡುಬಂದಲ್ಲಿ ಕೂಡಲೇ ನೆರಳಿಗೆ ಕರೆದೊಯ್ದು, ಮೈಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಬೇಕು, 911 ಸಂಖ್ಯೆಗೆ ಕರೆ ಮಾಡಬೇಕು. ಹಲವೆಡೆ ಮೊಬೈಲ್ ಸಂಪರ್ಕ ಸಿಗುವುದಿಲ್ಲವಾದ್ದರಿಂದ, ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಮನೆಯಲ್ಲಿರುವ ಒಬ್ಬರಿಗೆ ಮೊದಲೇ ತಿಳಿಸಿರಬೇಕು.

ಕತ್ತಲೆಯೊಳಗೆ

ಸುರಂಗದೊಳಗಿನ ಎಚ್ಚರಿಕೆಗಳಿಗೆ ಅದರ ಹುಟ್ಟಿನಲ್ಲೇ ಕಾರಣಗಳಿವೆ.

ಬೆಳಕು: ಬಸಾಲ್ಟ್ ಗೋಡೆ ಕಪ್ಪಾಗಿರುವುದರಿಂದ ಬೆಳಕನ್ನು ಪ್ರತಿಫಲಿಸದೆ ನುಂಗಿಬಿಡುತ್ತದೆ. ಮನೆಯಲ್ಲಿ ಪ್ರಖರವೆನಿಸುವ ಟಾರ್ಚ್ ಅಲ್ಲಿ ಮಂಕಾಗುತ್ತದೆ. ಪ್ರತಿಯೊಬ್ಬರ ಬಳಿಯೂ ಮೂರು ಬೆಳಕಿನ ಸಾಧನಗಳಿರಬೇಕೆಂಬುದು ಗುಹಾನ್ವೇಷಕರ ಹಳೆಯ ನಿಯಮ. ಹಣೆಗೆ ಕಟ್ಟಿಕೊಳ್ಳುವ ಟಾರ್ಚ್ ಇದ್ದರೆ ಎರಡೂ ಕೈಗಳು ಬಿಡುವಾಗಿರುತ್ತವೆ. ಮೊಬೈಲ್ ಫೋನನ್ನು ಈ ಮೂರರ ಲೆಕ್ಕಕ್ಕೆ ಹಿಡಿಯಬಾರದು.

ತಲೆ: ಲಾವಾರಸದ ಮಟ್ಟ ಎಲ್ಲೆಡೆ ಒಂದೇ ಆಗಿರದ ಕಾರಣ ಚಾವಣಿಯ ಎತ್ತರ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಹೆಪ್ಪುಗಟ್ಟಿದ ಹನಿಗಳ ಮೊನೆಗಳು ಹರಿತವಾಗಿರುತ್ತವೆ. ಸೈಕಲ್ ಸವಾರಿಗೆ ಬಳಸುವ ಹೆಲ್ಮೆಟ್ಟಾದರೂ ಸರಿ, ತಲೆಯ ಮೇಲಿರಲಿ.

ಕಾಲು: ತಣ್ಣಗಾಗುವಾಗ ಅನಿಲದ ಗುಳ್ಳೆಗಳು ಒಡೆದು ಉಂಟಾದ ಕಲ್ಲಿನ ಮೈ ಗಾಜಿನ ಚೂರಿನಂತೆ ಚರ್ಮವನ್ನು ಸೀಳುತ್ತದೆ. ಪಾದ ಪೂರ್ತಿ ಮುಚ್ಚುವ ಶೂ, ಉದ್ದನೆಯ ಪ್ಯಾಂಟು ಕಡ್ಡಾಯ. ಮಕ್ಕಳಿಗೆ ಕೈಗವಸು ಇದ್ದರೆ ಇನ್ನೂ ಒಳ್ಳೆಯದು.

ಬೆಚ್ಚನೆಯ ಉಡುಪು: ಹೊರಗೆ ಎಷ್ಟೇ ಉರಿಯಿದ್ದರೂ ಆಳದ ಗುಹೆಗಳಲ್ಲಿ ಚಳಿ. ಒಂದು ಸ್ವೆಟರ್ ಚೀಲದಲ್ಲಿರಬೇಕು.

ಬಾಯಿಯ ಬಳಿ ಒಂದೆರಡು ನಿಮಿಷ ನಿಂತು ಕಣ್ಣು ಕತ್ತಲೆಗೆ ಹೊಂದಿಕೊಂಡ ಬಳಿಕವೇ ಮುಂದೆ ಹೆಜ್ಜೆಯಿಡಬೇಕು. ಮುಂದೆ ಒಬ್ಬರು, ಹಿಂದೆ ಒಬ್ಬರು ದೊಡ್ಡವರಿದ್ದು ಮಕ್ಕಳು ನಡುವೆ ಇರುವುದು ಕ್ಷೇಮ. ಒಳಹೋಗುವಾಗ ಎಷ್ಟು ಮಂದಿ, ಹೊರಬರುವಾಗ ಎಷ್ಟು ಮಂದಿ ಎಂದು ತಲೆ ಎಣಿಸುವುದು ಚಿಕ್ಕ ವಿಷಯವೆನಿಸಿದರೂ ಮರೆಯಬಾರದ ಅಭ್ಯಾಸ. ಕೆಲವು ಸುರಂಗಗಳು ಕವಲೊಡೆಯುತ್ತವೆ, ನೆಲದಡಿಯಲ್ಲಿ ಜಿಪಿಎಸ್ ಕೆಲಸ ಮಾಡುವುದಿಲ್ಲ. ಪ್ರತಿ ಕವಲಿನಲ್ಲೂ ಹಿಂದಿರುಗಿ ನೋಡಿ, ಮರಳುವಾಗ ದಾರಿ ಹೇಗೆ ಕಾಣುವುದೆಂದು ಗುರುತಿಟ್ಟುಕೊಳ್ಳಬೇಕು. ಮಗುವಿಗೆ ಭಯವಾದರೆ ಒತ್ತಾಯಿಸದೆ ಹೊರಗೆ ಕರೆತರುವುದೇ ಸರಿ.

ಬಾವಲಿ ಮತ್ತು ಆಮೆ

ಈ ಸುರಂಗಗಳು ಬಾವಲಿಗಳ ಮನೆಗಳೂ ಹೌದು. ಬಾವಲಿಗಳ ಮೂತಿಯ ಮೇಲೆ ಬಿಳಿಯ ಬೂಷ್ಟು ಬೆಳೆಸುವ ಶಿಲೀಂಧ್ರ ರೋಗವೊಂದು 2006ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕಾಣಿಸಿಕೊಂಡಿತು. ಚಳಿಗಾಲದ ದೀರ್ಘನಿದ್ರೆಯಲ್ಲಿರುವ ಬಾವಲಿಗಳನ್ನು ಅದು ಅಕಾಲದಲ್ಲಿ ಎಬ್ಬಿಸುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ, ಆಹಾರ ದೊರೆಯದೆ ಅವು ಸಾಯುತ್ತವೆ. ಉತ್ತರ ಅಮೆರಿಕದಲ್ಲಿ ಹೀಗೆ ಸತ್ತ ಬಾವಲಿಗಳ ಸಂಖ್ಯೆ ಹತ್ತಾರು ಲಕ್ಷ. ಮನುಷ್ಯರಿಗೆ ಈ ರೋಗ ತಗಲುವುದಿಲ್ಲ. ಆದರೆ ಶಿಲೀಂಧ್ರದ ಬೀಜಾಣುಗಳು ಶೂ, ಬಟ್ಟೆ, ಚೀಲಗಳಿಗೆ ಅಂಟಿಕೊಂಡು ಒಂದು ಗುಹೆಯಿಂದ ಮತ್ತೊಂದಕ್ಕೆ ಸಾಗಬಲ್ಲವು. ಈ ಕಾರಣದಿಂದಲೇ ಲಾವಾ ಬೆಡ್ಸ್‌ನಲ್ಲಿ ಗುಹೆ ಹೊಗುವ ಮುನ್ನ, ಬೇರೆ ಗುಹೆಯಲ್ಲಿ ತೊಟ್ಟ ಉಡುಪನ್ನೇ ತೊಟ್ಟಿದ್ದಾರೆಯೇ ಎಂದು ಪ್ರವಾಸಿಗರನ್ನು ವಿಚಾರಿಸಲಾಗುತ್ತದೆ. ಬಾವಲಿಗಳು ಮರಿ ಹಾಕುವ ಅಥವಾ ನಿದ್ರಿಸುವ ಋತುವಿನಲ್ಲಿ ಕೆಲವು ಗುಹೆಗಳನ್ನು ಮುಚ್ಚಿರುವುದೂ ಉಂಟು.

ಮೇಲ್ನೆಲದ ಇನ್ನೊಬ್ಬ ನಿವಾಸಿ ಮೊಹಾವಿ ಮರುಭೂಮಿಯ ಆಮೆ. ಅಳಿವಿನಂಚಿನತ್ತ ಸಾಗುತ್ತಿರುವ ಜೀವಿಯೆಂದು 1990ರಲ್ಲಿ ಇದಕ್ಕೆ ಕಾನೂನಿನ ರಕ್ಷಣೆ ದೊರೆಯಿತು. ಈ ಆಮೆ ಮಳೆ ಬಿದ್ದಾಗ ಕುಡಿದ ನೀರನ್ನು ಮೂತ್ರಕೋಶದಲ್ಲಿ ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳುತ್ತದೆ. ಯಾರಾದರೂ ಎತ್ತಿದರೆ ಗಾಬರಿಯಿಂದ ಆ ನೀರನ್ನೆಲ್ಲ ಹೊರಚೆಲ್ಲಿಬಿಡುತ್ತದೆ. ಮುಂದಿನ ಮಳೆಯವರೆಗೆ ಬದುಕುವುದು ಆಗ ಕಷ್ಟ. ಮಗು ಆಸೆಪಟ್ಟು ಒಮ್ಮೆ ಎತ್ತಿಕೊಂಡರೂ ಅದು ಆಮೆಯ ಪ್ರಾಣಕ್ಕೆ ಎರವಾಗಬಹುದು. ನೆರಳನ್ನರಸಿ ಆಮೆಗಳು ನಿಂತ ವಾಹನಗಳಡಿ ಸೇರಿಕೊಳ್ಳುವುದರಿಂದ, ಹೊರಡುವ ಮುನ್ನ ಕಾರಿನ ಕೆಳಗೆ ಬಗ್ಗಿ ನೋಡಬೇಕು. ಈ ಕೆಲಸವನ್ನು ಮಕ್ಕಳಿಗೇ ವಹಿಸಬಹುದು. ಬಂಡೆಯ ಸಂದುಗಳಲ್ಲಿ ಬುಡುಬುಡಿಕೆ ಹಾವುಗಳೂ ಇರುವುದರಿಂದ ಕಾಣದ ಜಾಗಕ್ಕೆ ಕೈ ಹಾಕಬಾರದೆಂಬುದನ್ನೂ ಅವರಿಗೆ ಹೇಳಿಕೊಡಬೇಕು.

ಚಂದ್ರನಲ್ಲಿಯೂ ಸುರಂಗ

ಲಾವಾರಸ ಹರಿದ ಕಡೆಗಳಲ್ಲೆಲ್ಲ ಇಂತಹ ಕೊಳವೆಗಳ ಸಾಧ್ಯತೆಯಿದೆ, ಅದು ಭೂಮಿಯೇ ಆಗಬೇಕೆಂದಿಲ್ಲ. 2008ರಲ್ಲಿ ಇಸ್ರೋ ಹಾರಿಬಿಟ್ಟ ಚಂದ್ರಯಾನ-1 ನೌಕೆಯ ಕ್ಯಾಮೆರಾ ಕಳುಹಿಸಿದ ಚಿತ್ರಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಚಂದ್ರನಲ್ಲಿ 1.7 ಕಿ.ಮೀ. ಉದ್ದದ, ಚಾವಣಿ ಕುಸಿಯದೆ ಉಳಿದ ಸುರಂಗವೊಂದರ ಕುರುಹುಗಳನ್ನು ಗುರುತಿಸಿ 2011ರಲ್ಲಿ ವರದಿ ಮಾಡಿದರು. ಚಂದ್ರನ ಮೇಲ್ಮೈಯಲ್ಲಿ ಹಗಲಿನ ಉರಿ, ಇರುಳಿನ ಚಳಿ, ವಿಕಿರಣ ಎಲ್ಲವೂ ವಿಪರೀತ. ಮನುಷ್ಯ ಅಲ್ಲಿ ನೆಲೆಸುವ ಕಾಲ ಬಂದರೆ ಇಂತಹ ಸುರಂಗಗಳೇ ಆಸರೆಯಾಗಬಹುದೆಂಬುದು ಅವರ ಎಣಿಕೆ. ಮರುಭೂಮಿಯ ಬಿಸಿಲಿನಿಂದ ತಂಪಿಗೆ ಇಳಿದ ಮಗುವಿಗೆ ಈ ಮಾತು ಬೇಗ ಅರ್ಥವಾದೀತು.

ಕರ್ನಾಟಕಕ್ಕೂ ಬಸಾಲ್ಟ್ ಹೊಸದಲ್ಲ. ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ಕರಿಬಂಡೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯಲ್ಲಿ ಹರಿದ ಲಾವಾರಸದ್ದು. ಅದು ಸವೆದು ಉಂಟಾದುದೇ ಜೋಳ ಬೆಳೆಯುವ ಎರೆಮಣ್ಣು.

ಮತ್ತೆ ಬೆಳೆಯದ ಕಲ್ಲು

ಸುಣ್ಣಕಲ್ಲಿನ ಗುಹೆಯಲ್ಲಿ ಹನಿಯುವ ನೀರು, ಎಷ್ಟೇ ನಿಧಾನವಾಗಿಯಾದರೂ, ಹೊಸ ಕಲ್ಲನ್ನು ಬೆಳೆಸುತ್ತಿರುತ್ತದೆ. ಲಾವಾ ಸುರಂಗದಲ್ಲಿ ಆ ಅವಕಾಶವಿಲ್ಲ. ಅದರ ಹನಿಗಳು ಒಮ್ಮೆ, ಕಲ್ಲು ಕರಗಿದ್ದಾಗ ಮಾತ್ರ ಮೂಡಿದಂಥವು. ನೆನಪಿಗೆಂದು ಮುರಿದುಕೊಂಡ ಒಂದು ತುಣುಕು, ಗೋಡೆಯ ಮೇಲೆ ಗೀಚಿದ ಒಂದು ಹೆಸರು ಶಾಶ್ವತವಾಗಿ ಉಳಿಯುವ ಗಾಯ. ಸಂರಕ್ಷಿತ ಪ್ರದೇಶಗಳಲ್ಲಿ ಅದು ಶಿಕ್ಷಾರ್ಹ ಅಪರಾಧವೂ ಹೌದು. ಒಳಗೊಯ್ದ ಕಸವನ್ನೆಲ್ಲ ಹೊರತಂದು, ಕಲ್ಲನ್ನು ಇದ್ದಲ್ಲೇ ಬಿಟ್ಟು ಬಂದರೆ, ಇಂದು ಅಜ್ಜಿ ತಾತಂದಿರ ಕೈಹಿಡಿದು ಇಳಿದ ಮಕ್ಕಳು ಮುಂದೊಂದು ದಿನ ತಮ್ಮ ಮಕ್ಕಳಿಗೂ ಅದನ್ನೇ ತೋರಿಸಬಹುದು.